ತಾಳವಾಡಿಯ ಚಳಿಗೆ ಯಾವ ಕೋಳಿ ತರುವುದು?

ದೀಪಾವಳಿ ಕಳೆದು ಮಂಜು ಇಳಿಯುವುದಕ್ಕೆ ಶುರುವಾದರೆ ಸಾಕು, ಈರೋಡ್ ಜಿಲ್ಲೆಯ ಬೆಟ್ಟದ ಮೇಲಿನ ನಮ್ಮ ತಾಳವಾಡಿ ಕಡೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಹಿತ್ತಿಲಲ್ಲಿ ಹತ್ತು ಕೋಳಿ ಸಾಕೋಣ ಅಂತಿದ್ದೇವೆ, ಈ ಚಳಿಗೆ ಯಾವ ಜಾತಿ ತಡೆಯುತ್ತದೆ? ಕೇಳುವವರಲ್ಲಿ ಕೆಲವರು ಸತ್ಯಮಂಗಲದ ಕಡೆಯಿಂದ ಮರಿ ತರುತ್ತಾರೆ, ಕೆಲವರು ಚಾಮರಾಜನಗರದ ಕಡೆಯಿಂದ. ಘಾಟಿಯ ಬುಡದ ಬಣ್ಣಾರಿಯಲ್ಲಿ ಬೆವರು ಒರೆಸಿಕೊಂಡು ಬಸ್ ಹತ್ತಿದವರು 27 ತಿರುವು ದಾಟಿ ದಿಂಬಂ ತಲುಪುವಷ್ಟರಲ್ಲಿ ಸ್ವೆಟರ್ ಹುಡುಕುತ್ತಾರೆ. ಅದೇ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತು ಬಂದ ಮರಿಗೂ ಅಷ್ಟೇ ಚಳಿ ಆಗುತ್ತದೆ, ಅದಕ್ಕೆ ಸ್ವೆಟರ್ ಇಲ್ಲ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮೈತುಂಬ ಪುಕ್ಕ ಬಂದ ಕೋಳಿಗೆ ನಮ್ಮ ಚಳಿ ಲೆಕ್ಕಕ್ಕೇ ಇಲ್ಲ. ನಮ್ಮ ಮನೆ ಜಗುಲಿಯ ಥರ್ಮಾಮೀಟರ್ ಜನವರಿ ಬೆಳಗ್ಗೆ 12ಕ್ಕೆ ಇಳಿದಿದ್ದನ್ನು ನೋಡಿದ್ದೇನೆ. ಕೋಳಿಯ ಮೈಬಿಸಿ 41 ಡಿಗ್ರಿ ಹತ್ತಿರ ಇರುತ್ತದೆ, ಪುಕ್ಕ ಉಬ್ಬಿಸಿ ಕೂತರೆ ಒಳಗಿನ ಗಾಳಿಯೇ ಅದಕ್ಕೆ ಕಂಬಳಿ. ಕೆನಡಾದ ಕ್ವಿಬೆಕ್‌ನಲ್ಲಿ ಚಳಿಗಾಲ ಮೈನಸ್ 20ಕ್ಕೂ ಕೆಳಗೆ ಹೋಗುತ್ತದೆ, ಅಲ್ಲೂ ಜನ ಹಿತ್ತಿಲಲ್ಲಿ ಕೋಳಿ ಸಾಕುತ್ತಾರೆ. ಅಲ್ಲಿನ ಓಕಾ ಅನ್ನುವ ಊರಿನ ಮಠದ ಸನ್ಯಾಸಿ ವಿಲ್ಫ್ರಿಡ್ ಶಾಟೆಲೇನ್ ನೂರು ವರ್ಷದ ಹಿಂದೆ ಶಾಂಟೆಕ್ಲೇರ್ ಅಂತ ಒಂದು ತಳಿಯನ್ನೇ ಮಾಡಿದರು. ಅದರ ತಲೆಯ ಮೇಲಿನ ಕೆಂಪು ಜುಟ್ಟು ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು, ಗಲ್ಲದ ಕೆಳಗಿನ ಜೋಲೂ ಹಾಗೇ. ಯಾಕೆ ಅಂದರೆ ಅಷ್ಟು ಚಳಿಯಲ್ಲಿ ಮೊದಲು ಹೆಪ್ಪುಗಟ್ಟಿ ಕಪ್ಪಾಗುವುದು ಜುಟ್ಟು, ಆಮೇಲೆ ಕಾಲ್ಬೆರಳು. ಅದಕ್ಕೇ ಅಲ್ಲಿ ಕೋಳಿ ಕೂರುವ ಅಡ್ಡೆಯನ್ನು ಅಗಲವಾದ ಚಪ್ಪಟೆ ಪಟ್ಟಿಯಲ್ಲಿ ಮಾಡುತ್ತಾರೆ. ಕೂತಾಗ ಹೊಟ್ಟೆಯ ಪುಕ್ಕ ಬೆರಳನ್ನು ಪೂರ್ತಿ ಮುಚ್ಚಿಕೊಳ್ಳಬೇಕು, ಅಷ್ಟೇ. ಅನುಭವ ಇರುವ ಎಷ್ಟೋ ಜನ ಅಲ್ಲೂ ಗೂಡಿಗೆ ಹೀಟರ್ ಹಾಕುವುದಿಲ್ಲ. ಗೂಡು ಒಣಗಿರಬೇಕು, ಮೇಲಿಂದ ಗಾಳಿ ಹೋಗಬೇಕು, ಕುಡಿಯುವ ನೀರು ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಬೇಕು, ಇವಿಷ್ಟೇ ಅವರ ಚಿಂತೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಜುಟ್ಟೂ ಕಪ್ಪಾಗುವುದಿಲ್ಲ. ನಮ್ಮ ಕೋಳಿ ಸಾಯುವುದು ತೇವಕ್ಕೆ. ಚಳಿ ಅಂತ ಹೆದರಿ ನಾವೇ ಗೂಡನ್ನು ಉಸಿರಾಡದ ಹಾಗೆ ಮುಚ್ಚಿಬಿಡುವುದಕ್ಕೆ.

ನಾನೂ ಅದನ್ನೇ ಮಾಡಿದ್ದೆ. ಮೊದಲ ವರ್ಷ ಗಿರಿರಾಜ ಅನ್ನುವ ತಳಿಯ 14 ಯಾಟೆ, ಅಂದರೆ ಇನ್ನೂ ಮೊಟ್ಟೆಗೆ ಬರದ ಹೆಣ್ಣುಕೋಳಿ, ತಂದಿದ್ದೆ, ಮೂರು ತಿಂಗಳಿನವು. ಮಂಜು ಶುರುವಾದ ಕೂಡಲೇ ಗೂಡಿನ ಸುತ್ತ ನೀಲಿ ಟಾರ್ಪಾಲ್ ಸುತ್ತಿ, ಕೆಳಗೆ ಕಲ್ಲು ಇಟ್ಟು, ಒಂದು ಸಂದೂ ಬಿಡದೆ ಮುಚ್ಚಿದೆ. ಎಂಟು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಟಾರ್ಪಾಲ್ ಎತ್ತಿದರೆ ಅದರ ಒಳಮೈ ತುಂಬ ನೀರಿನ ಹನಿ ಸಾಲುಗಟ್ಟಿ ನಿಂತಿತ್ತು. ಒಳಗೆ ತಲೆ ಹಾಕಿದ್ದೇ ತಡ ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಕೆಳಗಿನ ಹೊಟ್ಟನ್ನು ಹಿಡಿದು ಅಮುಕಿದೆ, ಮುದ್ದೆ ಹಾಗೆ ಉಂಡೆಯಾಗಿ ಕೈಯಲ್ಲೇ ನಿಂತಿತು. ನಾಲ್ಕು ಯಾಟೆಗಳು ಕತ್ತು ಚಾಚಿ ಗೊರಗೊರ ಉಸಿರೆಳೆಯುತ್ತಿದ್ದವು. ಹತ್ತು ದಿನದಲ್ಲಿ ಐದು ಹೋದವು. ಔಷಧಿ ಕೇಳಲು ಹೋದಾಗ ಪಶುವೈದ್ಯರು ಮೊದಲು ಕೇಳಿದ್ದು ಗೂಡಿನ ಬಗ್ಗೆ. ಸೂರಿನ ಕೆಳಗೆ ಸುತ್ತಲೂ ಒಂದು ಗೇಣು ಬಿಡಿ, ಕೋಳಿ ಕೂರುವ ಎತ್ತರಕ್ಕೆ ಮಾತ್ರ ಗಾಳಿ ನೇರ ಬಡಿಯದ ಹಾಗೆ ಮರೆ ಮಾಡಿ, ಹೊಟ್ಟು ಬದಲಾಯಿಸಿ ಅಂದರು. ಔಷಧಿ ಆಮೇಲೆ ಕೊಟ್ಟರು. ಉಳಿದ ಒಂಬತ್ತು ಉಳಿದವು. ಅವತ್ತಿನಿಂದ ನನಗೆ ಜಾತಿಗಿಂತ ಗೂಡಿನ ಮೇಲೆ ಕಣ್ಣು ಜಾಸ್ತಿ.

ಇಷ್ಟು ಮನಸ್ಸಿಗೆ ಬಂದಿದ್ದರೆ ಈಗ ಜಾತಿ ನೋಡೋಣ.

ನಾಟಿ

ನಾಟಿ ಅಂದರೆ ಒಂದೇ ಜಾತಿ ಅಲ್ಲ. ಘಾಟಿ ಕೆಳಗಿನ ತಮಿಳು ವ್ಯಾಪಾರಿಗಳ ಬಾಯಲ್ಲಿ ಸಿರುವಿಡೈ, ಪೆರುವಿಡೈ ಅಂತ ಎರಡು ಮಾತು ಬರುತ್ತದೆ. ಸಿರುವಿಡೈ ಸಣ್ಣ ಮೈಯದು, ಚುರುಕು, ಮೊಟ್ಟೆಗೂ ಕಾವಿಗೂ ಒಳ್ಳೆಯದು. ಪೆರುವಿಡೈ ಎತ್ತರದ, ಉದ್ದ ಕಾಲಿನ, ಜಗಳಗಂಟ ಜಾತಿ, ಮಾಂಸಕ್ಕೆ ಬೆಲೆ, ಮೊಟ್ಟೆ ಕಡಿಮೆ. ಮನೆ ಹಿತ್ತಿಲಿಗೆ ಕೇಳುವವರು ಸಿರುವಿಡೈ ಅಂತಲೇ ಕೇಳಿ ತನ್ನಿ.

ಮೊಟ್ಟೆಯ ಲೆಕ್ಕ ನೋಡಿದರೆ ನಾಟಿ ಸೋಲುತ್ತದೆ. ವರ್ಷಕ್ಕೆ ಐವತ್ತು, ಅರವತ್ತು, ಚೆನ್ನಾಗಿ ನೋಡಿಕೊಂಡರೆ ಇನ್ನೊಂದಿಷ್ಟು. ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಕೂರುತ್ತದೆ, 21 ದಿನ ಏಳುವುದಿಲ್ಲ, ಆಮೇಲೆ ಮರಿ ಹಿಂದೆ ಎರಡು ತಿಂಗಳು. ಪೇಟೆಯವರು ಇದನ್ನು ದೋಷ ಅನ್ನುತ್ತಾರೆ. ನಮ್ಮಂಥ ಊರಿಗೆ ಅದೇ ದೊಡ್ಡ ಗುಣ ಅಂತ ನಾನು ಹೇಳುತ್ತೇನೆ. ಹುಟ್ಟಿದ ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ವಾರಕ್ಕೆ ಮೂರು ಡಿಗ್ರಿಯ ಹಾಗೆ ಇಳಿಸುತ್ತಾ ಐದನೇ ವಾರದ ಹೊತ್ತಿಗೆ ಪುಕ್ಕ ಬರುತ್ತದೆ. ನಮ್ಮಲ್ಲಿ ಮಳೆ ಗಾಳಿಗೆ ಒಂದು ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವವರಿಲ್ಲ. ತಾಯಿ ಕೋಳಿಗೆ ಕರೆಂಟ್ ಬೇಡ. ರಾಗಿ ಹುಲ್ಲಿನ ಮೇಲೆ ಕೂತ ಕಾವುಕೋಳಿಯ ಹೊಟ್ಟೆ ಕೆಳಗೆ ಒಮ್ಮೆ ಕೈ ತೂರಿಸಿ ನೋಡಿ. ಅದು ಮೈಯೆಲ್ಲ ಉಬ್ಬಿಸಿ ಗುರ್ ಅನ್ನುತ್ತದೆ, ಮಣಿಕಟ್ಟಿಗೆ ಕುಕ್ಕುತ್ತದೆ. ಆದರೂ ಕೈ ಹಿಂದೆಳೆಯಲು ಮನಸ್ಸು ಬರುವುದಿಲ್ಲ, ಅಷ್ಟು ಬೆಚ್ಚಗೆ. ಅಲ್ಲಿ ಪುಕ್ಕ ಉದುರಿ ಬರಿ ಚರ್ಮ ಇರುತ್ತದೆ, ಮೊಟ್ಟೆಗೆ ನೇರವಾಗಿ ಮೈಬಿಸಿ ತಾಗಲಿ ಅಂತ.

ಇನ್ನೊಂದು, ನಾಟಿಗೆ ಕಾಡಿನ ಭಯ ಗೊತ್ತು. ಹದ್ದು ಸುತ್ತಿದರೆ ತಾಯಿ ಒಂದು ಸಲ ಕೂಗುತ್ತದೆ, ಮರಿಗಳು ಬೇಲಿಯ ಲಂಟಾನದೊಳಗೆ ಮಾಯ. ಸಂಜೆ ಗೂಡು ಮುಚ್ಚುವುದು ಮರೆತರೆ ಮರ ಹತ್ತಿ ಕೂರುತ್ತದೆ. ಅರ್ಧ ಹೊಟ್ಟೆ ಅದೇ ತುಂಬಿಸಿಕೊಳ್ಳುತ್ತದೆ, ಗೆದ್ದಲು, ಹುಳ, ಒಕ್ಕಣೆ ಕಣದಲ್ಲಿ ಬಿದ್ದ ರಾಗಿ, ಮನೆಯ ಅನ್ನ ಮುದ್ದೆ. ಸಂಜೆ ಒಂದು ಹಿಡಿ ಕಾಳು ಹಾಕಿದರೆ ಸಾಕು, ಅದೂ ಗೂಡಿಗೆ ಬರಲಿ ಅಂತ.

ನಾಟಿಗೆ ರೋಗ ಬರಲ್ಲ ಅಂತ ಹೇಳುವವರ ಮಾತು ಮಾತ್ರ ದಯವಿಟ್ಟು ಕೇಳಬೇಡಿ. ಕೊಕ್ಕರೆ ರೋಗ ಬಂದರೆ ನಾಟಿಯೂ ಇಲ್ಲ, ಫಾರಮ್ಮೂ ಇಲ್ಲ. ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್ ಅನ್ನುವುದೂ ಇದನ್ನೇ, ಬಿಳಿ ಹಸಿರು ಭೇದಿ, ಕತ್ತು ತಿರುಚುವುದು, ಎರಡು ಮೂರು ದಿನದಲ್ಲಿ ಇಡೀ ಬೀದಿ ಖಾಲಿ. ಪುಸ್ತಕದಲ್ಲಿ ರಾಣಿಖೇತ್ ಅಂತ ಬರೆಯುತ್ತಾರೆ, ಉತ್ತರಾಖಂಡದ ಒಂದು ಬೆಟ್ಟದ ಊರಿನ ಹೆಸರು ಅದು. ಇದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ ಅನ್ನುವ ಲಸಿಕೆ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರದ ಹೊತ್ತಿಗೆ ಆರ್‌2ಬಿ ಲಸಿಕೆಯ ಸೂಜಿ. ಒಂದು ಬಾಟಲಿಯಲ್ಲಿ ನೂರೋ ಅದಕ್ಕಿಂತ ಹೆಚ್ಚೋ ಕೋಳಿಗೆ ಆಗುವಷ್ಟು ಇರುತ್ತದೆ, ಕರಗಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೆ ಬೀದಿಯವರೆಲ್ಲ ಒಂದೇ ದಿನ ಹಾಕಿಸುವುದು ಒಳ್ಳೆಯದು, ಪಶು ಆಸ್ಪತ್ರೆಗೆ ಮೊದಲೇ ಹೇಳಿಟ್ಟು, ಐಸ್ ಹಾಕಿದ ಫ್ಲಾಸ್ಕ್ ತೆಗೆದುಕೊಂಡು ಹೋಗಿ. ನೀವೊಬ್ಬರೇ ಹಾಕಿಸಿ ಪಕ್ಕದ ಮನೆಯವರು ಬಿಟ್ಟರೆ ರೋಗ ಬೀದಿ ಬಿಟ್ಟು ಹೋಗುವುದಿಲ್ಲ, ಅಲ್ವಾ?

ಗಿರಿರಾಜ, ಸ್ವರ್ಣಧಾರ, ಗ್ರಾಮಪ್ರಿಯ

ಈ ಮೂರನ್ನು ಒಟ್ಟಿಗೆ ನೋಡುವುದು ಸರಿ. ನೋಡಲು ನಾಟಿಯ ಹಾಗೆ ಬಣ್ಣಬಣ್ಣ, ಹಿತ್ತಿಲಲ್ಲೇ ಮೇಯುತ್ತವೆ, ಮೊಟ್ಟೆ ಮತ್ತು ಮಾಂಸ ನಾಟಿಗಿಂತ ಜಾಸ್ತಿ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ತಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ, ಹುಂಜ ನಾಲ್ಕು ಕಿಲೋ ದಾಟುತ್ತದೆ. ಮಾರಿಹಬ್ಬಕ್ಕೆ ಹುಂಜ ಮಾರುವ ಲೆಕ್ಕ ಇದ್ದರೆ ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ. ಆದರೆ ಆ ಭಾರವೇ ಅದಕ್ಕೆ ಶತ್ರು. ಹಾರಲು ಆಗಲ್ಲ, ಓಡುವುದೂ ನಿಧಾನ. ಕಾಡುಬೆಕ್ಕು, ಮುಂಗುಸಿ ಬಂದರೆ ನಿಂತು ನೋಡುತ್ತದೆ. ಕಾಡಂಚಿನ ಮನೆಯವರು, ಗೇರ್ಮಾಳ, ತಲಮಲೆ ಕಡೆಯವರು, ಬೇಲಿ ಗಟ್ಟಿ ಇಲ್ಲದೆ ತರಬೇಡಿ. ಕೂರುವ ಅಡ್ಡೆಯೂ ತಗ್ಗಿನಲ್ಲಿರಬೇಕು, ಎರಡಡಿ ಸಾಕು, ಎತ್ತರದಿಂದ ಧುಮುಕಿ ಕಾಲು ನೋವು ಮಾಡಿಕೊಳ್ಳುತ್ತವೆ.

ಸ್ವರ್ಣಧಾರ 2005ರಲ್ಲಿ ಅದೇ ಹೆಬ್ಬಾಳದಿಂದ ಬಂದಿದ್ದು. ಮೈ ಸ್ವಲ್ಪ ಹಗುರ, ಅದಕ್ಕೇ ತಪ್ಪಿಸಿಕೊಳ್ಳುವುದರಲ್ಲಿ ಗಿರಿರಾಜಕ್ಕಿಂತ ಮೇಲು. ಮೊಟ್ಟೆ 180 ದಾಟುತ್ತದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವರ ಗ್ರಾಮಪ್ರಿಯ ಇನ್ನೂ ಒಂದು ಹೆಜ್ಜೆ ಮುಂದೆ, ಕಂದು ಮೊಟ್ಟೆ, ಒಳ್ಳೆಯ ಮೇವು ಸಿಕ್ಕಿದರೆ 200ರ ಮೇಲೆ. ಅದೇ ಸಂಸ್ಥೆಯ ವನರಾಜ ಮಾಂಸದ ಕಡೆಗೆ ವಾಲಿದ ತಳಿ. ನನ್ನನ್ನು ಕೇಳಿದರೆ ತಾಳವಾಡಿಗೆ ಸ್ವರ್ಣಧಾರವೇ ಸರಿ, ಮನೆಗೆ ಬೇಕಾದ ಮೊಟ್ಟೆಯೂ ಆಯಿತು, ಹುಂಜವೂ ಮಾರಿದ ಹಾಗಾಯಿತು. ಮರಿಯನ್ನು ಹೆಬ್ಬಾಳದಲ್ಲೇ ಕೇಳಿ, ಮುಂಚೆ ಬುಕ್ ಮಾಡಬೇಕಾಗುತ್ತದೆ.

ಇವುಗಳಲ್ಲಿ ಯಾವುದೂ ನಾಟಿಯ ಹಾಗೆ ಕಾವಿಗೆ ಕೂರುವುದಿಲ್ಲ. ಕೂರಿಸಿ ಮರಿ ಮಾಡಿಸಿದರೂ ಎರಡನೇ ತಲೆಮಾರು ತಾಯಿಯ ಹಾಗೆ ಬರುವುದಿಲ್ಲ, ತೂಕ ಮೊಟ್ಟೆ ಎರಡೂ ಇಳಿಯುತ್ತದೆ. ಅಂದರೆ ಪ್ರತಿ ಸಲ ಮರಿ ಕೊಳ್ಳಬೇಕು. ಹಾಗೇ ಬರೀ ಹಿತ್ತಿಲ ಮೇವಿನಿಂದ ಇವು ಹೇಳಿದಷ್ಟು ಮೊಟ್ಟೆ ಇಡಲ್ಲ. ಸಂಜೆಗೆ ಒಂದು ಕೋಳಿಗೆ ಐವತ್ತು ಅರವತ್ತು ಗ್ರಾಂ ಮುಸುಕಿನ ಜೋಳದ ನುಚ್ಚು, ಹಿಂಡಿ, ಜೊತೆಗೆ ಚಿಪ್ಪಿನ ಪುಡಿ ಬೇಕೇ ಬೇಕು. ಚಳಿಗಾಲದಲ್ಲಿ ಮೈ ಬೆಚ್ಚಗಿಡಲು ಇನ್ನೂ ಜಾಸ್ತಿ ತಿನ್ನುತ್ತವೆ, ಆಗ ಕೈ ಬಿಗಿ ಹಿಡಿದರೆ ಮೊಟ್ಟೆ ನಿಲ್ಲುತ್ತದೆ.

ಬಿವಿ 380

ಕೇರಳದ ಕಡೆ ಮನೆಮನೆಯಲ್ಲಿ ಪಂಜರದೊಳಗೆ ನೋಡಿರುತ್ತೀರಿ, ಕೆಂಪು ಕೋಳಿ, ಕಂದು ಮೊಟ್ಟೆ. ವರ್ಷಕ್ಕೆ 300ರ ಹತ್ತಿರ. ಲೆಕ್ಕ ನೇರ: ಒಂದು ಕೋಳಿಗೆ ದಿನಕ್ಕೆ 110 ಗ್ರಾಂ ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಯ ಮೇವು, ಹಾಕಬೇಕು, ಹತ್ತು ಕೋಳಿಗೆ ತಿಂಗಳಿಗೆ 33 ಕಿಲೋ. ಅದು ತಪ್ಪಿದರೆ ಮೊಟ್ಟೆ ತಪ್ಪುತ್ತದೆ, ಒಂದು ವಾರ ಬರೀ ಅನ್ನ ಹಾಕಿ ನೋಡಿದವರು ಕೇಳಿ, ಹೇಳುತ್ತಾರೆ. ಊರಲ್ಲಿ ಅಂಗಡಿಗೆ ಮೊಟ್ಟೆ ಕೊಡುವವರಿಗೆ, ತಿಂಗಳು ತಿಂಗಳು ಫೀಡಿಗೆ ದುಡ್ಡು ಎತ್ತಿಡುವವರಿಗೆ ಇದು ಒಳ್ಳೆಯದೇ. ಬಿಟ್ಟು ಮೇಯಿಸುವವರಿಗೆ ಅಲ್ಲ. ಒಂದೂವರೆ ವರ್ಷ ದಾಟಿದ ಮೇಲೆ ಮೊಟ್ಟೆ ಇಳಿಯುತ್ತದೆ, ಮಾರಿ ಹೊಸದು ತರಬೇಕು.

ಪಂಜರದ ಕೋಳಿಗೆ ಮಂಜು ಗಾಳಿ ಕೆಳಗಿನಿಂದಲೂ ಬಡಿಯುತ್ತದೆ ಅನ್ನುವುದನ್ನು ಮರೆಯಬೇಡಿ. ಕೇರಳದ ಸೆಕೆಗೆ ಮಾಡಿದ ಪಂಜರವನ್ನು ಹಾಗೇ ತಂದು ಅಂಗಳದಲ್ಲಿ ಇಟ್ಟರೆ ಆಗಲ್ಲ. ಜಗುಲಿಗೋ ಕೊಟ್ಟಿಗೆಯ ಗೋಡೆಗೋ ಒತ್ತಿಸಿ, ಗಾಳಿ ಬರುವ ಕಡೆ ಗೋಣಿ ಇಳಿಬಿಡಿ. ಬಿಸಿಲು ಬಂದ ಮೇಲೆ ಗೋಣಿ ಎತ್ತಿ.

ಕಡಕ್‌ನಾಥ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕಪ್ಪು ಮಾಂಸದ ಕೋಳಿ, 2018ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ಗಟ್ಟಿ ಜೀವ, ಚಳಿಗೂ ಪರವಾಗಿಲ್ಲ. ಆದರೆ ಮೊಟ್ಟೆ ಎಂಬತ್ತು ತೊಂಬತ್ತು, ಮೈಯೂ ಸಣ್ಣದು. ಕೊಳ್ಳುವವರು ಮೊದಲೇ ಗೊತ್ತಿದ್ದರೆ ಮಾತ್ರ ತನ್ನಿ, ಇಲ್ಲದಿದ್ದರೆ ದುಬಾರಿ ಮರಿ ತಂದು ನಾಟಿಯ ಬೆಲೆಗೆ ಮಾರುತ್ತೀರಿ. ಕತ್ತು ಬೋಳು ಇರುವ ಕೋಳಿ ಬಯಲು ಸೀಮೆಯ ಸೆಕೆಗೆ ಹೇಳಿ ಮಾಡಿಸಿದ್ದು, ನಮ್ಮ ಮಂಜಿಗೆ ಬೇಡ. ಬೈಕಿನಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುತ್ತಾರಲ್ಲ, ಅವು ಹೆಚ್ಚಾಗಿ ಮೊಟ್ಟೆ ಫಾರಂಗಳು ಬೇಡ ಅಂತ ಬಿಟ್ಟ ಗಂಡು ಮರಿಗಳು. ಮೊಟ್ಟೆ ಇಡಲ್ಲ, ಮೈಯೂ ಬರಲ್ಲ. ನನ್ನ ಅಕ್ಕನ ಮಗಳು ಆಸೆಪಟ್ಟಳು ಅಂತ ಒಂದು ಕಾರ್ತಿಕದಲ್ಲಿ ಆರು ತಂದೆವು, ನಾಲ್ಕನೇ ರಾತ್ರಿ ಕೊನೆಯದು ಹೋಯಿತು. ಆ ಮಗು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಒಂದು ದಿನದ ಮರಿಯೋ, ಆರು ವಾರದ್ದೋ?

ಜಾತಿ ಆರಿಸುವುದಕ್ಕಿಂತ ಇದೇ ದೊಡ್ಡ ವಿಷಯ ಅಂತ ನನಗೆ ಅನಿಸುತ್ತದೆ. ಅಕ್ಟೋಬರಿನಿಂದ ಜನವರಿವರೆಗೆ ತಾಯಿ ಕೋಳಿ ಇಲ್ಲದೆ ಒಂದು ದಿನದ ಮರಿ ತರಬೇಡಿ, ಮರಿ ಸಾಕಿ ಅಭ್ಯಾಸ ಇಲ್ಲದವರಂತೂ ಬೇಡವೇ ಬೇಡ. ಆಗ ಬೇಕೇ ಬೇಕು ಅಂದರೆ ಆರೆಂಟು ವಾರದ್ದು, ಪುಕ್ಕ ತುಂಬಿ ಲಸಿಕೆ ಆದದ್ದು ತನ್ನಿ. ಬೆಲೆ ಜಾಸ್ತಿ, ಆದರೆ ಸಾಯುವುದು ಕಡಿಮೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಚಿಕ್ಕ ಮರಿಗೆ ಅದೇ ಕಾಲ. ಫೆಬ್ರವರಿ ಕೊನೆಗೆ ತಂದ ಸ್ವರ್ಣಧಾರ ಮರಿ ಆಗಸ್ಟ್ ಹೊತ್ತಿಗೆ ಮೊಟ್ಟೆಗೆ ಬರುತ್ತದೆ, ಮುಂದಿನ ಮಂಜಿಗೆ ಗಟ್ಟಿಮುಟ್ಟಾಗಿ ನಿಂತಿರುತ್ತದೆ.

ಬಲ್ಬ್ ಹಾಕಿ ಬೆಳೆಸುವವರು ಒಂದು ನೋಡಿಕೊಳ್ಳಿ. ಎಲ್‌ಇಡಿ ಬಲ್ಬಿನಲ್ಲಿ ಬಿಸಿ ಬರಲ್ಲ. ಹಳೆಯ ಗುಂಡು ಬಲ್ಬೇ ಬೇಕು, ಮರಿಗೆ ಎರಡು ವಾಟಿನ ಲೆಕ್ಕ, 50 ಮರಿಗೆ ನೂರರ ಒಂದು ಬಲ್ಬ್. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂಗುಟ್ಟಿದರೆ ಚಳಿ, ಗೋಡೆಗೆ ಒತ್ತಿಕೊಂಡು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮಲಗಿದ್ದರೆ ಸರಿ. ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡಿ. ಕೆಂಡದ ಮಡಕೆ ಇಡುವವರು ಕಿಟಕಿ ಮುಚ್ಚಬೇಡಿ, ಹೊಗೆ ಕಾಣದಿದ್ದರೂ ಕೆಂಡದ ಗಾಳಿ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ.

ಗೂಡು

ತಗಡಿನ ಸೂರು ಅಗ್ಗ, ಆದರೆ ರಾತ್ರಿ ಬೆವರುತ್ತದೆ, ಬೆಳಗಿನ ಜಾವ ಒಳಗೇ ಮಳೆ ಬಂದ ಹಾಗೆ ತೊಟ್ಟಿಕ್ಕುತ್ತದೆ. ತಗಡೇ ಹಾಕಿದ್ದರೆ ಅದರ ಕೆಳಗೆ ತೆಂಗಿನ ಗರಿಯ ತಡಿಕೆ ಕಟ್ಟಿ. ಹಂಚು ಆದರೆ ಎಲ್ಲಕ್ಕಿಂತ ಚೆನ್ನ. ನೆಲದ ಮೇಲೆ ಹೊಟ್ಟು ಹಾಕುವುದೋ, ಕಾಲು ಕೊಟ್ಟು ಎತ್ತರಿಸಿ ಬಿದಿರ ಸೀಳಿನ ತಳ ಮಾಡುವುದೋ ಅಂತ ಕೇಳಿದರೆ, ಹತ್ತು ಕೋಳಿವರೆಗೆ ಎತ್ತರದ ಗೂಡು ಸುಲಭ, ಹಿಕ್ಕೆ ಕೆಳಗೆ ಬೀಳುತ್ತದೆ, ಒಳಗೆ ಒಣಗಿರುತ್ತದೆ. ಚಳಿಯ ಎರಡು ತಿಂಗಳು ಸೀಳಿನ ಮೇಲೆ ಅರ್ಧ ಭಾಗ ಗೋಣಿ ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಅದಕ್ಕಿಂತ ಜಾಸ್ತಿ ಕೋಳಿ ಇದ್ದರೆ ನೆಲದ ಹೊಟ್ಟೇ ಸರಿ, ನಾಲ್ಕು ಬೆರಳು ದಪ್ಪ, ಎರಡು ದಿನಕ್ಕೊಮ್ಮೆ ಕೆದಕಬೇಕು. ಅಮುಕಿದರೆ ಉಂಡೆ ಆಗದೆ ಉದುರಬೇಕು. ಹೊಟ್ಟು ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಹಿಂದೆಯೇ ಬರುತ್ತದೆ. ಒಂದು ಕೋಳಿಗೆ ಎರಡು ಚದರಡಿ ಜಾಗ ಬಿಡಿ. ಕೋಳಿ ಫೀಡ್, ಜೋಳದ ಮೂಟೆ ಗೂಡಿನ ಪಕ್ಕ ಇಡಬೇಡಿ, ನಮ್ಮಲ್ಲಿ ಆನೆ ಇದೆ, ವಾಸನೆಗೆ ಬಂದರೆ ಗೂಡು ಉಳಿಯುವುದಿಲ್ಲ.

ಡಿಸೆಂಬರಿನಲ್ಲಿ ಮೊಟ್ಟೆ ಕಡಿಮೆ ಆಯಿತು ಅಂತ ಕೋಳಿ ಮಾರಲು ಹೊರಡಬೇಡಿ. ಅದಕ್ಕೆ ಚಳಿಗಿಂತ ಬೆಳಕು ಕಾರಣ. ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಆಗ ಹಗಲು ಹನ್ನೊಂದೂವರೆ ಗಂಟೆ. ಕ್ವಿಬೆಕ್ ಕಡೆ ಒಂಬತ್ತಕ್ಕೂ ಕಡಿಮೆ, ಅಲ್ಲಿ ಎಷ್ಟೋ ಕೋಳಿ ಪೂರ್ತಿ ನಿಲ್ಲಿಸಿಬಿಡುತ್ತವೆ. ಬಿವಿ 380, ಗ್ರಾಮಪ್ರಿಯ ಇದ್ದವರು ಬೆಳಗಿನ ಜಾವ ಬೆಳಕಾಗುವ ಮುಂಚೆ ಮೂರು ಗಂಟೆ ಕಾಲ ಬಲ್ಬ್ ಉರಿಸಿ, ಇದಕ್ಕೆ ಎಲ್‌ಇಡಿ ಸಾಕು. ನಾಟಿಯನ್ನು ಅದರ ಪಾಡಿಗೆ ಬಿಡಿ, ಪುಕ್ಕ ಉದುರಿಸಿ ಹೊಸದು ಹಾಕಿಕೊಳ್ಳುವ ಕಾಲ ಅದು.

ಈಗ ನಮ್ಮ ಹಿತ್ತಿಲಲ್ಲಿ ಏಳು ನಾಟಿ, ಎಂಟು ಸ್ವರ್ಣಧಾರ ಇವೆ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತ ಇಲ್ಲ, ಎರಡನ್ನೂ ಸೇರಿಸಬಹುದು. ನಾಟಿ ಕಾವಿಗೆ ಕೂತು ಎರಡು ವಾರ ಆದ ಮೇಲೆ ನೋಡಿಕೊಂಡು ಒಂದು ದಿನದ ಸ್ವರ್ಣಧಾರ ಮರಿ ತರುತ್ತೇನೆ. ರಾತ್ರಿ ಎಂಟರ ಮೇಲೆ, ದೀಪ ಇಲ್ಲದೆ, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಮುಚ್ಚಿ ತಾಯಿಯ ರೆಕ್ಕೆ ಕೆಳಗೆ ಸರಿಸಿ, ಬದಲಿಗೆ ಒಂದೊಂದು ಮೊಟ್ಟೆ ತೆಗೆಯುತ್ತೇನೆ. ಮರಿ ಚೀಂ ಅನ್ನುತ್ತದೆ, ತಾಯಿ ಒಳಗಿಂದ ಸಣ್ಣಗೆ ಕೊಕ್ ಕೊಕ್ ಅಂದರೆ ಒಪ್ಪಿಕೊಂಡ ಹಾಗೆ. ಹೊಸದಾಗಿ ಕೂತ ಕೋಳಿ ಒಪ್ಪುವುದಿಲ್ಲ, ಎರಡು ಮೂರು ದಿನ ದಾಟಿದ ಮರಿಗೂ ತಾಯಿ ಹತ್ತುವುದಿಲ್ಲ. ಚಳಿಯಲ್ಲಿ ಒಂದು ತಾಯಿಗೆ ಹತ್ತು ಮರಿ ಸಾಕು, ಹೆಚ್ಚಾದರೆ ಅಂಚಿನವು ಹೊರಗೆ ಉಳಿಯುತ್ತವೆ. ಬೆಳಗ್ಗೆ ಬೇಗ ಎದ್ದು ನೋಡಿ, ಯಾವುದನ್ನಾದರೂ ಕುಕ್ಕಿ ದೂಡುತ್ತಿದ್ದರೆ ಆ ಮರಿಯನ್ನು ಎತ್ತಿಕೊಳ್ಳಿ. ಮೊದಲ ಎರಡು ವಾರ ಹುಲ್ಲಿನ ಇಬ್ಬನಿ ಆರುವವರೆಗೆ, ಅಂದರೆ ಹತ್ತು ಗಂಟೆವರೆಗೆ, ತಾಯಿ ಮರಿಗಳ ಮೇಲೆ ಮುಚ್ಚಿದ ಮಂಕರಿ (ಬುಟ್ಟಿ) ತೆಗೆಯಬೇಡಿ.